ಬೇಗ ಉಬ್ಬಿದ ಗ್ರಾಫೈಟ್

ದೆಹಲಿ ಪಕ್ಕದ ಇಂದಿರಾಪುರಂನಲ್ಲಿ ನಮ್ಮ ಎದುರು ಮನೆಯವರು ಸುಮಿತ್ರಾ. ಊರು ದಾವಣಗೆರೆ. ಧಾರವಾಡದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿದ್ದೇ ತಡ, ಮದುವೆಯಾಗಿ ದೆಹಲಿಗೆ ಬಂದರು. ಗಂಡ ಸೂರ್ಯನಾರಾಯಣ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿದ್ದಷ್ಟು ವರ್ಷವೂ ಆಕೆ ಮಗಳು ಧನ್ಯಾಳನ್ನು ಬೆಳೆಸುತ್ತ, ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳುತ್ತ ಕಳೆದರು. ಇಂದಿರಾಪುರಂನಲ್ಲಿ ಫ್ಲ್ಯಾಟ್ ಕೊಂಡು ಬಂದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಘಾಜಿಯಾಬಾದಿಗೆ ಸೇರಿದ ಸಾಹಿಬಾಬಾದಿನ ಕಾರ್ಖಾನೆಯೊಂದಕ್ಕೆ ಕೆಮಿಸ್ಟ್ ಬೇಕೆಂಬ ಜಾಹೀರಾತು ನೋಡಿ ಅರ್ಜಿ ಹಾಕಿದರು. “ಇಷ್ಟು ವರ್ಷ ಆದ ಮೇಲೆ ನಿನ್ನನ್ನ ಯಾರು ತಗೋತಾರೆ?” ಎಂದಿದ್ದ ಗಂಡನೇ ಮೊದಲ ದಿನ ಸ್ಕೂಟರಿನಲ್ಲಿ ಗೇಟಿನ ತನಕ ಬಿಟ್ಟು ಬಂದರು.

2006ರ ಬೇಸಿಗೆಯಲ್ಲಿ ನಡೆದದ್ದನ್ನು ನಾನು ಸ್ವಲ್ಪ ಅವರ ಬಾಯಿಂದ, ಸ್ವಲ್ಪ ಅದೇ ಕಾರ್ಖಾನೆಯ ಮಷಿನ್ ಆಪರೇಟರ್ ಬೃಜ್‌ಪಾಲ್‌ನ ಬಾಯಿಂದ ಕೇಳಿದೆ. ಇಬ್ಬರೂ ಹೇಳಿದ್ದು ಬಹುಮಟ್ಟಿಗೆ ಒಂದೇ. ಬೇರೆಯಾದ ಕಡೆ ಸುಮಿತ್ರಾ ಹೇಳಿದ್ದನ್ನೇ ಹಿಡಿದಿದ್ದೇನೆ. ಬೃಜ್‌ಪಾಲ್ ಆಕೆಯ ಧೈರ್ಯವನ್ನು ಹೇಳುತ್ತ ಹೇಳುತ್ತ ಬೆಳೆಸಿಬಿಡುತ್ತಿದ್ದ.

ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಒಂದು ಕಪ್ಪು ಪಟ್ಟಿ. ರಬ್ಬರಿನ ಹಾಗೆ ಮೆತ್ತಗೆ, ಬೆರಳಿನಷ್ಟು ಅಗಲ. ಆಸ್ಪತ್ರೆ, ಹೋಟೆಲು, ಮಾಲ್‌ಗಳಲ್ಲಿ ಬೆಂಕಿ ತಡೆಯುವ ಬಾಗಿಲು ಇರುತ್ತದಲ್ಲ, ಅದರ ಅಂಚಿನಲ್ಲಿ ಕೊರೆದ ತೋಡಿನಲ್ಲಿ ಇದನ್ನು ಕೂರಿಸುತ್ತಾರೆ. ಬೆಂಕಿ ಬಿದ್ದಾಗ ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಯಿಂದಲೇ ಹೊಗೆ ನುಗ್ಗುವುದು. ಈ ಪಟ್ಟಿ ಬಿಸಿ ತಗುಲಿದೊಡನೆ ಉಬ್ಬಿ ಆ ಸಂದಿಯನ್ನು ಮುಚ್ಚಿಬಿಡುತ್ತದೆ. ಹಾಗೆ ಉಬ್ಬುವಂತೆ ಮಾಡುವುದು ಅದರೊಳಗೆ ಬೆರೆಸಿದ ಗ್ರಾಫೈಟ್.

ಅದೇನೆಂದು ನನಗೆ ಅರ್ಥವಾದದ್ದು ಒಂದು ಭಾನುವಾರ. ಸುಮಿತ್ರಾ ಚಿಟಿಕೆ ಪುಡಿ ತಂದು, ಕಿಟಕಿಯೆಲ್ಲ ತೆಗೆಸಿ, ಹಳೆಯ ಕಬ್ಬಿಣದ ಸೌಟಿನಲ್ಲಿ ಹಾಕಿ ನಮ್ಮ ಗ್ಯಾಸ್ ಉರಿಯ ಮೇಲೆ ಹಿಡಿದರು. ಹೊಳೆಯುವ ಕಪ್ಪು ಚಕ್ಕೆಗಳು ಮೊದಲು ಸುಮ್ಮನಿದ್ದವು. ಆಮೇಲೆ ಇದ್ದಕ್ಕಿದ್ದಂತೆ, ಕಾದ ಮರಳಿಗೆ ಬಿದ್ದ ಭತ್ತ ಅರಳಾಗುವ ಹಾಗೆ, ಒಂದೊಂದು ಚಕ್ಕೆಯೂ ಹುಳದಂತೆ ಉದ್ದಕ್ಕೆ ಎದ್ದು ಸೌಟು ತುಂಬಿ ಹೊರಗೆ ಚೆಲ್ಲಿತು. ಊದಿದರೆ ಹಾರಿಹೋಗುವಷ್ಟು ಹಗುರ. ಗಂಟಲು ಕೆರೆಯುವ ವಾಸನೆ ಬಂತು.

“ಗ್ರಾಫೈಟ್ ಅಂದರೆ ಹಾಳೆಯ ಮೇಲೆ ಹಾಳೆ ಇಟ್ಟ ಹಾಗೆ” ಎಂದರು. “ಆ ಹಾಳೆಗಳ ಮಧ್ಯ ಗಂಧಕಾಮ್ಲ ಸೇರಿಸಿ, ತೊಳೆದು, ಒಣಗಿಸಿರ್ತಾರೆ. ಬಿಸಿಯಾದಾಗ ಆ ಆಮ್ಲ ಅನಿಲವಾಗಿ ಹಾಳೆಗಳನ್ನ ದೂರ ತಳ್ಳುತ್ತೆ. ಒಂದು ಗ್ರಾಂ ಪುಡಿ ಒಂದು ಲೋಟ ತುಂಬುತ್ತೆ.”

“ಎಲ್ಲ ಪುಡಿಯೂ ಹೀಗೇನಾ?” ಎಂದು ಕೇಳಿದೆ.

“ಇಲ್ಲ ಕಣ್ರೀ, ಅದೇ ಕಷ್ಟ. ದಪ್ಪ ಚಕ್ಕೆ ಜಾಸ್ತಿ ಉಬ್ಬುತ್ತೆ, ಸಣ್ಣದು ಕಡಿಮೆ. ಆಮ್ಲ ಸರಿಯಾಗಿ ತೊಳೀದೆ ಉಳಿದಿದ್ದರೆ ಬಾಗಿಲಿನ ಕಬ್ಬಿಣ ತುಕ್ಕು ಹಿಡಿಯುತ್ತೆ. ಎಲ್ಲಕ್ಕಿಂತ ಮುಖ್ಯ, ಎಷ್ಟು ಬಿಸಿಗೆ ಉಬ್ಬಲು ಶುರು ಮಾಡುತ್ತೆ ಅನ್ನೋದು. ಕೆಲವು ಇನ್ನೂರು ಡಿಗ್ರಿ ದಾಟೋ ತನಕ ಮಿಸುಕೋದಿಲ್ಲ. ಕೆಲವು ನೂರೈವತ್ತಕ್ಕೇ ಏಳುತ್ತವೆ. ಕಣ್ಣಿಗೆ ಎರಡೂ ಒಂದೇ ಥರ.”

ಅವರ ಪಟ್ಟಿಗೆ ಬೇಕಾಗಿದ್ದದ್ದು ತಡವಾಗಿ ಏಳುವ ಜಾತಿ. ಪಟ್ಟಿ ಮಾಡುವಾಗಲೇ ಮಾಲನ್ನು ನೂರೈವತ್ತರ ಆಸುಪಾಸಿಗೆ ಕಾಯಿಸಬೇಕಾಗುತ್ತಿತ್ತು. ಬೇಗ ಏಳುವ ಜಾತಿ ಹಾಕಿದರೆ ಅದು ಮಷಿನ್ನಿನ ಹೊಟ್ಟೆಯಲ್ಲೇ ಏಳುತ್ತದೆ.

ಆ ಜೂನ್‌ನಲ್ಲಿ ನೋಯ್ಡಾದ ಕಡೆ ಕಟ್ಟುತ್ತಿದ್ದ ಒಂದು ಹೊಸ ಆಸ್ಪತ್ರೆಗೆ ಪಟ್ಟಿ ಪೂರೈಸುವ ಆರ್ಡರ್ ಸಿಕ್ಕಿತ್ತು. ಉದ್ಘಾಟನೆ ಹತ್ತಿರ ಬಂದಿತ್ತು, ಬಾಗಿಲುಗಳು ಬಂದು ಗೋಡೆಗೆ ಒರಗಿ ನಿಂತಿದ್ದವು, ಪಟ್ಟಿ ಮಾತ್ರ ಇರಲಿಲ್ಲ. ಕಾರ್ಖಾನೆಯಲ್ಲಿ ಗ್ರಾಫೈಟ್ ಮುಗಿದು ಲೈನ್ ನಿಂತಿತ್ತು. ಮಾಲೀಕ ಸಬರ್ವಾಲ್ ಕೆಟ್ಟ ಮನುಷ್ಯನಲ್ಲ. ಸ್ಕೂಟರ್ ಬಿಡಿಭಾಗಗಳ ಅಂಗಡಿಯಿಂದ ಮೇಲೆ ಬಂದವರು, ಕೆಲಸಗಾರರ ಹೆಸರು ಹಿಡಿದು ಕರೆಯುವವರು. ಆದರೆ ಆ ವಾರ ಅವರ ಫೋನು ಕಿವಿಯಿಂದ ಇಳಿದಿರಲಿಲ್ಲ. ಕೊನೆಗೆ ಹಳೆ ದೆಹಲಿಯ ವ್ಯಾಪಾರಿಯ ಗೋದಾಮಿನಿಂದ ಚೀಲಗಳು ಬಂದಿಳಿದವು.

“ಸುಮಿತ್ರಾಜಿ, ಮಾಲ್ ಬಂತು. ಹಾಕಿಸಿಬಿಡಿ.”

“ಸರ್, ಟೆಸ್ಟ್ ಆಗಬೇಕು.”

“ಅದೇ ವ್ಯಾಪಾರಿ, ಅದೇ ಬಿಳಿ ಚೀಲ. ನೀವು ಟೆಸ್ಟ್ ಮಾಡ್ತಾ ಇರಿ, ಬೃಜ್‌ಪಾಲ್ ಮಷಿನ್ ಓಡಿಸ್ತಾ ಇರಲಿ.”

“ಟೆಸ್ಟ್ ಆಗದೆ ನಾನು ಹೂಂ ಅನ್ನೋದಿಲ್ಲ ಸರ್.”

“ಅನ್ನಬೇಡಿ. ನಾನು ಅಂತೀನಿ” ಎಂದು ಸಬರ್ವಾಲ್ ತಾವೇ ಶೆಡ್ಡಿಗೆ ಹೋಗಿ ಬೃಜ್‌ಪಾಲ್‌ಗೆ ಹೇಳಿ ಚೀಲ ಬಿಚ್ಚಿಸಿದರು.

ಸುಮಿತ್ರಾ ಲ್ಯಾಬಿಗೆ ಬಂದು ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡರು. ಪುಡಿಯನ್ನು ಜರಡಿಗೆ ಹಾಕಿದರು. ಚಕ್ಕೆ ದಪ್ಪ ಸರಿಯಾಗಿತ್ತು. ನೀರಿಗೆ ಹಾಕಿ ನೋಡಿದರು, ಆಮ್ಲದ ಶೇಷ ಇರಲಿಲ್ಲ. ಕೆಂಪಗೆ ಕಾದ ಕುಲುಮೆಗೆ ಹಾಕಿದರೆ ಹಿಂದಿನ ಮಾಲಿಗಿಂತ ಚೆನ್ನಾಗಿ ಉಬ್ಬಿತು. ಒಂದು ಕ್ಷಣ ಸಬರ್ವಾಲ್ ಮಾತೇ ಸರಿಯೇನೋ ಅನ್ನಿಸಿತಂತೆ. ಉಳಿದದ್ದು ಶುರುವಾಗುವ ಬಿಸಿಯ ಪರೀಕ್ಷೆ. ಅದಕ್ಕೆ ಆತುರ ನಡೆಯುವುದಿಲ್ಲ. ಗಾಜಿನ ಕಿಂಡಿಯಿರುವ ಓವನ್ನಿನಲ್ಲಿ ಪುಡಿ ಇಟ್ಟು, ನಿಧಾನವಾಗಿ ಬಿಸಿ ಏರಿಸುತ್ತ, ಕಾಯುತ್ತ ಕೂರಬೇಕು.

ನಡುವೆ ಚಹಾ ಕುಡಿಯಲು ಹೊರಗೆ ಬಂದಾಗ ಬೃಜ್‌ಪಾಲ್ ಸಿಕ್ಕ. ಬುಲಂದ್‌ಶಹರ್ ಕಡೆಯವನು, ಐವತ್ತರ ಹತ್ತಿರದವನು, ಆ ಮಷಿನ್ ಬಂದಂದಿನಿಂದ ಅದರ ಜೊತೆ ಇದ್ದವನು.

“ಮೇಡಂಜಿ, ಇವತ್ತು ಮಾಲ್ ಗಟ್ಟಿ ಬರ್ತಾ ಇದೆ. ಮೋಟರ್ ಎಳೆಯೋಕೆ ಕಷ್ಟಪಡ್ತಿದೆ.”

“ಏನು ಮಾಡಿದಿರಿ?”

“ಸ್ವಲ್ಪ ಬಿಸಿ ಜಾಸ್ತಿ ಕೊಟ್ಟೆ. ಮೆತ್ತಗಾಗಲಿ ಅಂತ. ಮೊದಲ ಲಾಟು ಆಗಲೇ ಟೆಂಪೊದಲ್ಲಿ ಆಸ್ಪತ್ರೆಗೆ ಹೋಯ್ತು.”

ಮಾಲು ಗಟ್ಟಿಯಾದರೆ ಬಿಸಿ ಏರಿಸುವುದು ಯಾವ ಆಪರೇಟರ್ ಆದರೂ ಮಾಡುವ ಕೆಲಸ. ಆಗ ಸುಮಿತ್ರಾಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ. ಚಹಾದ ಲೋಟ ಇಟ್ಟು ಲ್ಯಾಬಿಗೆ ಮರಳಿದರು.

ಕಿಂಡಿಯ ಹಿಂದೆ ಪುಡಿ ಕಪ್ಪಗೆ ಹೊಳೆಯುತ್ತ ಮಲಗಿತ್ತು. ಬಿಸಿ ನೂರನಲವತ್ತು ದಾಟಿತು. ಅವರು ಕನ್ನಡಕ ಒರೆಸಿಕೊಂಡು ಬಗ್ಗಿದರು. ನೂರೈವತ್ತು. ಪುಡಿಯ ಅಂಚಿನಲ್ಲಿ ಒಂದು ಚಕ್ಕೆ ಅಲುಗಿತು. ಭ್ರಮೆಯೆಂದುಕೊಂಡರು. ಅದರ ಪಕ್ಕದ್ದು ಅಲುಗಿತು. ನೋಡನೋಡುತ್ತಿದ್ದಂತೆ ರಾಶಿಯ ಮೈಯೆಲ್ಲ ಹುಳ ಹರಿದ ಹಾಗೆ ಮಿಸುಕಾಡಿ ಪುಡಿ ಬಟ್ಟಲಿನ ಅಂಚಿಗೆ ಏರತೊಡಗಿತು.

ಬೇಗ ಏಳುವ ಜಾತಿ. ಬೇರೆ ಯಾವುದೋ ಕೆಲಸಕ್ಕೆಂದು ತರಿಸಿದ್ದನ್ನು ವ್ಯಾಪಾರಿ ಇವರಿಗೆ ಕಳಿಸಿದ್ದ. ಅದೇ ಹೊತ್ತಿಗೆ ಬೃಜ್‌ಪಾಲ್ ಹೇಳಿದ್ದು ಸುಮಿತ್ರಾಗೆ ನೆನಪಾಯಿತು. ಮಾಲು ಗಟ್ಟಿಯಾದದ್ದು ಸುಮ್ಮನೆ ಅಲ್ಲ. ಒಳಗೆ ಅದು ಆಗಲೇ ಉಬ್ಬತೊಡಗಿತ್ತು. ಆತ ಅದಕ್ಕೆ ಇನ್ನಷ್ಟು ಬಿಸಿ ಕೊಟ್ಟಿದ್ದ.

ಅವರು ಎದ್ದು ನಿಲ್ಲುವಷ್ಟರಲ್ಲಿ ಕರೆಂಟ್ ಹೋಯಿತು.

ಘಾಜಿಯಾಬಾದಿನ ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ. ಫ್ಯಾನು ನಿಂತು, ಶೆಡ್ಡಿನ ಗದ್ದಲ ನಿಂತು, ಎಲ್ಲೋ ದೂರದ ರೈಲಿನ ಸದ್ದು ಕೇಳಿಸಿತು. ಆದರೆ ಆ ನಿಶ್ಶಬ್ದದ ಅರ್ಥ ಅವರೊಬ್ಬರಿಗೇ ಗೊತ್ತಿತ್ತು. ಮಷಿನ್ ಎಂದರೆ ನಮ್ಮ ಚಕ್ಕುಲಿ ಒರಳಿನ ದೊಡ್ಡ ರೂಪ. ಕಾದ ಉಕ್ಕಿನ ಕೊಳವೆಯೊಳಗೆ ಒಂದು ತಿರುಪು ತಿರುಗುತ್ತ ಮಾಲನ್ನು ಮುಂದಕ್ಕೆ ತಳ್ಳುತ್ತದೆ, ತುದಿಯಲ್ಲಿರುವ ಅಚ್ಚಿನಿಂದ ಪಟ್ಟಿ ಹೊರಬರುತ್ತದೆ. ತಿರುಪು ನಿಂತರೆ ಮಾಲು ಕಾದ ಕೊಳವೆಯಲ್ಲೇ ನಿಲ್ಲುತ್ತದೆ. ಕೊಳವೆಯನ್ನು ತಣಿಸುವ ಫ್ಯಾನುಗಳೂ ಕರೆಂಟಿನವೇ. ಕರೆಂಟ್ ಹೋದಾಗ ಬೃಜ್‌ಪಾಲ್ ಮಾಡುವ ಮೊದಲ ಕೆಲಸ, ಮಾಲು ಗಟ್ಟಿಯಾಗುವ ಮೊದಲು ಅಚ್ಚಿನ ಬೋಲ್ಟ್ ಬಿಚ್ಚಿ ಅದನ್ನು ಹೊರಗೆ ಎಳೆಯುವುದು. ವರ್ಷಗಟ್ಟಲೆ ಅದನ್ನೇ ಮಾಡಿದ್ದ. ಬಿಚ್ಚುವಾಗ ಅವನ ಮುಖ ಅಚ್ಚಿಗೆ ಎದುರಾಗಿಯೇ ಇರುತ್ತಿತ್ತು.

ಸುಮಿತ್ರಾ ಅಂಗಳ ದಾಟಿ ಓಡಿದರು. ಬಿಸಿಲಿಗೆ ಕಣ್ಣು ಕತ್ತಲಿಟ್ಟಿತು. ಚಪ್ಪಲಿಯೊಂದು ಕಳಚಿ ಹೋಯಿತು, ನಿಲ್ಲಲಿಲ್ಲ.

ಶೆಡ್ಡಿನಲ್ಲಿ ಮಬ್ಬು ಬೆಳಕು. ಪಟ್ಟಿ ಸುತ್ತುವ ಇಬ್ಬರು ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದರು. ಬೃಜ್‌ಪಾಲ್ ಸ್ಟೂಲಿನ ಮೇಲೆ ನಿಂತು, ಉದ್ದನೆಯ ಸ್ಪ್ಯಾನರ್ ಹಿಡಿದು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಬೋಲ್ಟ್ ತಿರುಗಿಸುತ್ತಿದ್ದ.

“ಬೃಜ್‌ಪಾಲ್ ಭಯ್ಯಾ, ರುಕೋ! ಕೈ ಬಿಡಿ!”

ಅವನು ತಿರುಗಿ ನೋಡಿದ. “ಎರಡು ಬಿಚ್ಚಿದೆ ಮೇಡಂಜಿ. ಇನ್ನೆರಡು ಅಷ್ಟೆ. ಇಲ್ಲದಿದ್ದರೆ ಒಳಗೇ ಕಲ್ಲಾಗಿಬಿಡ್ತದೆ.”

“ಕಲ್ಲಾಗಲಿ! ಒಳಗೆ ಉಬ್ಬುತ್ತಾ ಇದೆ. ಆ ಮುಳ್ಳು ನೋಡಿ.”

ಕೊಳವೆಯ ಮೇಲಿನ ಒತ್ತಡದ ಗಡಿಯಾರಕ್ಕೆ ಕರೆಂಟ್ ಬೇಡ. ಅದರ ಮುಳ್ಳು ಕೆಂಪು ಗೆರೆ ದಾಟಿ ನಿಂತಿತ್ತು. ಮಷಿನ್ ನಿಂತ ಮೇಲೆ ಮುಳ್ಳು ಇಳಿಯಬೇಕು, ಬೃಜ್‌ಪಾಲ್‌ಗೆ ಅದು ಗೊತ್ತು. ಅವರಿಬ್ಬರೂ ನೋಡುತ್ತಿದ್ದಂತೆ ಅದು ಇನ್ನೊಂದು ಕೂದಲೆಳೆಯಷ್ಟು ಮೇಲಕ್ಕೆ ಸರಿಯಿತು. ಬಿಚ್ಚಿದ ಎರಡು ಬೋಲ್ಟುಗಳ ಕಡೆಯ ಸಂದಿಯಿಂದ ಸುಂಯ್ ಎಂಬ ಸದ್ದಿನೊಂದಿಗೆ ಕಪ್ಪು ನೊರೆಯಂಥದ್ದು ಹೊರಗೆ ಬರುತ್ತಿತ್ತು. ಗಂಧಕದ ವಾಸನೆ ಮೂಗಿಗೆ ಹೊಡೆಯಿತು.

“ಅರೇ ಬಾಪ್ ರೇ” ಎಂದ ಬೃಜ್‌ಪಾಲ್, ಸಣ್ಣ ದನಿಯಲ್ಲಿ.

“ನಿಧಾನಕ್ಕೆ ಇಳಿಯಿರಿ. ಸ್ಪ್ಯಾನರ್ ಅಲ್ಲೇ ಇರಲಿ, ಎಳೀಬೇಡಿ. ಎದುರಿಗೆ ಬರಬೇಡಿ, ಆ ಕಡೆಯಿಂದಲೇ ಹಿಂದಕ್ಕೆ ಹೋಗಿ.”

ಅವನು ಸ್ಟೂಲಿನಿಂದ ಇಳಿದು, ಬೆನ್ನನ್ನು ಗೋಡೆಗೆ ಒತ್ತಿಕೊಂಡು, ಕೊಳವೆಯ ಆಚೆ ಬದಿಗೆ ಸರಿದ. ಸುಮಿತ್ರಾ ಹೆಂಗಸರಲ್ಲಿ ಒಬ್ಬಳನ್ನು ಜನರೇಟರ್ ಬಳಿಗೆ ಓಡಿಸಿದರು. “ನಾನು ಕೂಗೋ ತನಕ ಸ್ಟಾರ್ಟ್ ಮಾಡಬೇಡ ಅನ್ನು. ನೀವಿಬ್ಬರೂ ಮತ್ತೆ ಒಳಗೆ ಬರಬೇಡಿ.”

ಈಗ ಮಾಡಬೇಕಾದದ್ದು ಎರಡು. ಕೊಳವೆ ತಣಿಯಬೇಕು, ಅದಕ್ಕೆ ಫ್ಯಾನು ತಿರುಗಬೇಕು, ಅದಕ್ಕೆ ಜನರೇಟರ್ ಬೇಕು. ಆದರೆ ಜನರೇಟರ್ ಹಚ್ಚಿದರೆ ಹೀಟರುಗಳೂ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಮೊದಲು ಹೀಟರಿನ ಸ್ವಿಚ್ಚುಗಳನ್ನು ಆರಿಸಬೇಕು. ಆ ಸ್ವಿಚ್ಚುಗಳ ಪೆಟ್ಟಿಗೆ ಇದ್ದದ್ದು ಅಚ್ಚಿನ ಪಕ್ಕದಲ್ಲೇ, ಎರಡು ಮೊಳ ದೂರದಲ್ಲಿ.

“ನಾನು ಹೋಗ್ತೀನಿ” ಎಂದ ಬೃಜ್‌ಪಾಲ್.

“ನೀವು ಹೋಗಬೇಕಾದರೆ ಅಚ್ಚಿನ ಮುಂದೆ ದಾಟಬೇಕು. ನಾನು ಈ ಕಡೆ ಇದ್ದೀನಿ. ಯಾವುದು ಆರಿಸಬೇಕು ಹೇಳಿ ಸಾಕು.”

ಅವನು ಅಚ್ಚಿನ ಕಡೆಗೇ ನೋಡುತ್ತಿದ್ದ.

“ಭಯ್ಯಾ, ಹೇಳಿ!”

“ಮೇಲಿನ ಸಾಲು. ಎಲ್ಲಾ ಕೆಳಕ್ಕೆ ಮಾಡಿ. ಎರಡನೇ ಸಾಲು ಫ್ಯಾನು, ಅದನ್ನ ಮುಟ್ಟಬೇಡಿ. ತಲೆ ತಗ್ಗಿಸಿಕೊಂಡು ಹೋಗಿ ಮೇಡಂಜಿ, ತಲೆ ತಗ್ಗಿಸಿ.”

ಸುಮಿತ್ರಾ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೊಳವೆಯ ಮಗ್ಗುಲಲ್ಲಿ ಬಗ್ಗಿ ನಡೆದರು. ಉಕ್ಕಿನ ಕಾವು ಕೆನ್ನೆಗೆ ರಾಚುತ್ತಿತ್ತು. ಸುಂಯ್ ಎನ್ನುವ ಸದ್ದು ಈಗ ಕಿವಿಯ ಪಕ್ಕದಲ್ಲೇ. ಆ ಹೊತ್ತಿನಲ್ಲಿ ಗಂಡನ ನೆನಪಾಗಲೀ ಮಗಳ ನೆನಪಾಗಲೀ ಬರಲಿಲ್ಲ ಎಂದು ಅವರು ಆಮೇಲೆ ನನಗೆ ಹೇಳಿದರು. ಒಂದು ಕಾಲಿಗೆ ಚಪ್ಪಲಿ ಇಲ್ಲ, ನೆಲದಲ್ಲಿ ಎಣ್ಣೆ ಚೆಲ್ಲಿದೆ, ಜಾರಬಾರದು ಎಂಬುದಷ್ಟೇ ತಲೆಯಲ್ಲಿತ್ತಂತೆ.

ಕೈ ಚಾಚಿ ಮೊದಲ ಸ್ವಿಚ್ಚು ಇಳಿಸಿದರು. ಅದರ ಪಕ್ಕದ್ದು. ಮೂರನೆಯದು ಬಿಗಿಯಾಗಿತ್ತು, ಹೆಬ್ಬೆರಳು ಜಾರಿತು. ಇನ್ನೊಮ್ಮೆ ಒತ್ತಿದರು.

“ಆಯ್ತಾ?” ಬೃಜ್‌ಪಾಲ್ ಕೂಗಿದ.

“ಒಂದು ಉಳೀತು.”

“ಮುಳ್ಳು ಏರ್ತಾ ಇದೆ ಮೇಡಂಜಿ!”

ಕೊನೆಯದನ್ನೂ ಇಳಿಸಿ ಅವರು ಹಿಂದಕ್ಕೆ ಸರಿಯುತ್ತಲೇ ಕೂಗಿದರು: “ಚಾಲೂ ಕರೋ!” ಹೊರಗೆ ಜನರೇಟರ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಕೊಳವೆಯ ಕೆಳಗಿನ ಫ್ಯಾನುಗಳು ಗುಂಯ್ ಎಂದವು. ಬೃಜ್‌ಪಾಲ್ ಗಡಿಯಾರದ ಮೇಲಿಂದ ಕಣ್ಣು ಕೀಳದೆ ನಿಂತಿದ್ದ. ಮುಳ್ಳು ಏರುವುದು ನಿಧಾನವಾಯಿತು. ಆಮೇಲೆ ನಿಂತಿತು. ಇಳಿಯಲಿಲ್ಲ, ಆದರೆ ನಿಂತಿತು.

ಸುಮಿತ್ರಾ ಇನ್ನೊಂದು ಹೆಜ್ಜೆ ಹಿಂದೆ ಇಟ್ಟಿದ್ದರು, ಅಷ್ಟರಲ್ಲಿ ಪಟ್ ಎಂದು ಒಂದು ಬೋಲ್ಟು ಮುರಿಯಿತು.

ಅಚ್ಚಿನ ತಟ್ಟೆ ಬಾಗಿಲಿನ ಹಾಗೆ ಒಂದು ಕಡೆ ತೆರೆದುಕೊಂಡಿತು. ಕಪ್ಪು ಮುದ್ದೆ ಗುಂಡಿನಂತೆ ಹೊರಟು ಎದುರು ಗೋಡೆಯ ಖಾಲಿ ಡ್ರಮ್ಮುಗಳಿಗೆ ಬಡಿಯಿತು, ಡ್ರಮ್ಮುಗಳು ದಡದಡನೆ ಉರುಳಿದವು. ಸ್ವಲ್ಪ ಮೊದಲು ಬೃಜ್‌ಪಾಲ್ ನಿಂತಿದ್ದ ಸ್ಟೂಲು ಮಗುಚಿ ಬಿತ್ತು. ಶೆಡ್ಡಿನ ತುಂಬ ಕಪ್ಪು ಹತ್ತಿ ಹಾರಾಡಿದಂತೆ ಉಬ್ಬಿದ ಗ್ರಾಫೈಟ್. ಚಿಮ್ಮಿದ ಮಾಲಿನ ಒಂದು ತುಂಡು ಸುಮಿತ್ರಾ ಅವರ ಎಡ ಮುಂಗೈಗೆ ಅಂಟಿಕೊಂಡಿತು. ಕಿತ್ತರೆ ಚರ್ಮವೂ ಬರುವಂತಿತ್ತು. ಬೃಜ್‌ಪಾಲ್ ಅವರ ಭುಜ ಹಿಡಿದು ನಲ್ಲಿಯ ಕೆಳಗೆ ಕೂರಿಸಿ, ನೀರು ಬಿಟ್ಟು, ಕೈಯನ್ನು ಹಾಗೇ ಹಿಡಿದಿದ್ದ. ಆಕೆ ಅಳಲಿಲ್ಲ, ಅವನು ಅತ್ತ.

ಪಕ್ಕದ ರಸ್ತೆಯ ಡಾಕ್ಟರ ಬಳಿ ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡು ಬರುವಷ್ಟರಲ್ಲಿ ಸಬರ್ವಾಲ್ ಶೆಡ್ಡಿನಲ್ಲಿ ನಿಂತಿದ್ದರು.

“ಬೋಲ್ಟ್ ಬಿಚ್ಚಿದ್ದು ಯಾರು?”

ಬೃಜ್‌ಪಾಲ್ ತಲೆ ತಗ್ಗಿಸಿದ.

“ಎಂದಿನ ಹಾಗೆ ಬಿಚ್ಚಿದರು ಸರ್” ಎಂದರು ಸುಮಿತ್ರಾ. “ಮಾಲು ಎಂದಿನದಾಗಿರಲಿಲ್ಲ. ನೂರೈವತ್ತಕ್ಕೇ ಏಳೋ ಪುಡಿ ಅದು. ಅದನ್ನ ಯಾರು ಹಾಕಿಸಿದ್ದು ಅಂತ ನಾನು ಹೇಳಬೇಕಾ?”

ಸಬರ್ವಾಲ್ ಮುರಿದ ಬೋಲ್ಟನ್ನು ನೆಲದಿಂದ ಎತ್ತಿಕೊಂಡು ನೋಡಿದರು, ಮತ್ತೆ ಕೆಳಗಿಟ್ಟರು. ಆಮೇಲೆ “ಕೈ ಹೇಗಿದೆ?” ಎಂದು ಕೇಳಿದರು.

ಕೈಯ ಉರಿ ಮೊಣಕೈ ದಾಟಿ ಏರುತ್ತಿತ್ತು. ಆದರೆ ಸುಮಿತ್ರಾಗೆ ಆಗ ಹೊಳೆದದ್ದು ಬೇರೆ. ಬೆಳಿಗ್ಗೆ ಟೆಂಪೊದಲ್ಲಿ ಹೋದ ಪಟ್ಟಿ. ಆ ಪುಡಿ ಮಷಿನ್ನಿನಲ್ಲೇ ಉಬ್ಬತೊಡಗಿದ್ದರೆ, ಅದರ ಶಕ್ತಿ ಅಲ್ಲೇ ಮುಗಿದಿರುತ್ತದೆ. ಒಮ್ಮೆ ಅರಳಿದ ಗ್ರಾಫೈಟ್ ಎರಡನೇ ಸಲ ಅರಳುವುದಿಲ್ಲ. ಶೆಡ್ಡಿನ ಮೂಲೆಯಲ್ಲಿ ಆ ಪಟ್ಟಿಯ ತುದಿಗಳು ಬಿದ್ದಿದ್ದವು. ಒಂದನ್ನು ಎತ್ತಿಕೊಂಡು, ಹಳೆಯ ಒಳ್ಳೆಯ ಪಟ್ಟಿಯ ಒಂದು ತುಂಡಿನ ಜೊತೆ ಲ್ಯಾಬಿನ ಕುಲುಮೆಗೆ ಹಾಕಿದರು. ಹಳೆಯದು ಬಟ್ಟಲು ತುಂಬಿತು. ಹೊಸದು ಸುಟ್ಟು ಕರಕಾಗಿ, ಇದ್ದಷ್ಟೇ ಇತ್ತು.

“ಸರ್, ಆ ಲಾಟು ವಾಪಸ್ ಬರಬೇಕು. ಈ ಪಟ್ಟಿ ಹಾಕಿದ ಬಾಗಿಲಿಗೂ ಹಾಕದ ಬಾಗಿಲಿಗೂ ವ್ಯತ್ಯಾಸ ಇಲ್ಲ.”

“ನಾಳೆ ಮಾತಾಡೋಣ. ಇವತ್ತು ನೀವು ಮನೆಗೆ ಹೋಗಿ.”

“ನಾಳೆ ಬಾಗಿಲು ನಿಲ್ಲಿಸಿ ಬಣ್ಣ ಹೊಡೀತಾರೆ. ಆಮೇಲೆ ಯಾರೂ ಬಿಚ್ಚೋದಿಲ್ಲ. ಅದು ಆಸ್ಪತ್ರೆ ಸರ್. ಮಲಗಿದ ಜಾಗದಿಂದ ಏಳಲಾಗದವರು ಇರ್ತಾರೆ.”

“ನೀವು ಹೋಗಿ ಹೇಳಿದರೆ ಆ ಕಂಟ್ರಾಕ್ಟರ್ ನಮ್ಮ ಜೊತೆ ಇನ್ನೆಂದೂ ವ್ಯವಹಾರ ಮಾಡೋದಿಲ್ಲ, ಸಮಝ್ ರಹೀ ಹೈಂ ಆಪ್, ಅರ್ಥ ಆಗ್ತಿದೆಯಾ?” ಸಬರ್ವಾಲ್ ದನಿ ಏರಿತು. ಆಮೇಲೆ ಅವರು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. ಹೋಗಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಸುಮಿತ್ರಾ ಎರಡು ಬಗೆಯ ಪಟ್ಟಿಯ ತುಂಡುಗಳನ್ನು ಬ್ಯಾಗಿಗೆ ಹಾಕಿಕೊಂಡು ಗೇಟಿಗೆ ಬಂದರು. ಬೃಜ್‌ಪಾಲ್ ಆಗಲೇ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವರು ಅವನನ್ನು ಬರಹೇಳಿರಲಿಲ್ಲ.

ಆಸ್ಪತ್ರೆಯ ಕಟ್ಟಡದಲ್ಲಿ ಗೋಡೆ ಕೊರೆಯುವ ಯಂತ್ರದ ಸದ್ದು, ಸುಣ್ಣದ ಧೂಳು. ಮೊದಲ ಮಹಡಿಯಲ್ಲಿ ಬಡಗಿಗಳು ಬಾಗಿಲುಗಳನ್ನು ಅಡ್ಡಡ್ಡ ಮಲಗಿಸಿ, ಅಂಚಿನ ತೋಡಿಗೆ ಅದೇ ಕಪ್ಪು ಪಟ್ಟಿಯನ್ನು ಸುತ್ತಿಗೆಯ ಹಿಡಿಯಿಂದ ಒತ್ತಿ ಕೂರಿಸುತ್ತಿದ್ದರು. ಅರ್ಧದಷ್ಟು ಬಾಗಿಲು ಮುಗಿದು ನಿಂತಿದ್ದವು. ಸೈಟಿನ ಇಂಜಿನಿಯರ್ ತ್ಯಾಗಿ ಎಂಬಾತ, ಬಿಸಿಲಿಗೆ ಸುಟ್ಟ ಮುಖದವನು, ಇವರ ಮಾತನ್ನು ಪೂರ್ತಿ ಕೇಳದೆಯೇ ತಲೆಯಾಡಿಸಿದ.

“ಮೇಡಂ, ಬೆಳಿಗ್ಗೆ ನಿಮ್ಮ ಕಂಪನಿಯೇ ಮಾಲು ಕಳಿಸ್ತದೆ, ಮಧ್ಯಾಹ್ನ ನಿಮ್ಮ ಕಂಪನಿಯೇ ಬೇಡ ಅಂತದೆ. ನಾನು ಯಾವುದನ್ನ ನಂಬಲಿ?”

“ನನ್ನನ್ನ ನಂಬಬೇಡಿ. ಇಲ್ಲಿ ಪೈಪ್ ಬೆಸೆಯೋ ದೀಪ ಇದೆಯಲ್ಲ, ತರಿಸಿ.”

ಪ್ಲಂಬರ್ ಒಬ್ಬ ಉರಿಯುವ ದೀಪ ತಂದ. ಸುಮಿತ್ರಾ ಎರಡು ಇಟ್ಟಿಗೆಗಳ ನಡುವೆ ಬಾಗಿಲಿನ ಸಂದಿಯಷ್ಟೇ ಜಾಗ ಬಿಡಿಸಿ, ಒಳ್ಳೆಯ ಪಟ್ಟಿಯ ತುಂಡಿಟ್ಟು ಉರಿ ಹಿಡಿಸಿದರು. ಪಟ್ಟಿ ಬುಸುಗುಟ್ಟಿ ಎದ್ದು ಸಂದಿಯನ್ನು ತುಂಬಿತು, ಆಚೆ ಬದಿಯ ಬೆಳಕು ಮುಚ್ಚಿಹೋಯಿತು. ಆಮೇಲೆ ಬಡಗಿಯ ಕೈಯಿಂದಲೇ ಇವತ್ತಿನ ಪಟ್ಟಿಯ ತುಂಡು ತೆಗೆದುಕೊಂಡು ಇಟ್ಟರು. ಉರಿ ಹಿಡಿದರು. ಎಲ್ಲರೂ ಬಗ್ಗಿ ನೋಡಿದರು. ಪಟ್ಟಿ ಕಪ್ಪಗೆ ಹೊಗೆಯಾಡಿತು, ಸುರುಟಿತು. ಇಟ್ಟಿಗೆಗಳ ನಡುವಿಂದ ಉರಿಯ ನಾಲಗೆ ಆಚೆ ಬಂದು ತ್ಯಾಗಿಯ ಷೂ ಪಕ್ಕದ ಕಾಗದದ ಚೂರಿಗೆ ಹತ್ತಿತು. ಅವನು ಅದನ್ನು ತುಳಿದು ಆರಿಸಿದ.

ಬಡಗಿಗಳು ಸುತ್ತಿಗೆ ಕೆಳಗಿಟ್ಟರು. ತ್ಯಾಗಿ ಮೊಬೈಲ್ ತೆಗೆದು ಸಬರ್ವಾಲ್‌ಗೆ ಫೋನ್ ಮಾಡಿದ. ಸುಮಿತ್ರಾ ನಿಂತಲ್ಲೇ ನಿಂತರು. ಸಬರ್ವಾಲ್ ಅದೆಲ್ಲ ಸುಳ್ಳು ಎಂದರೆ? ಲ್ಯಾಬಿನ ಹೆಂಗಸಿಗೆ ಕೈ ಸುಟ್ಟು ತಲೆ ಕೆಟ್ಟಿದೆ, ನೀವು ಕೆಲಸ ಮುಂದುವರಿಸಿ ಎಂದರೆ? ತಮ್ಮ ಹತ್ತಿರ ಇದ್ದದ್ದು ಎರಡು ಸುಟ್ಟ ತುಂಡುಗಳು ಮಾತ್ರ.

“ನಿಮ್ಮ ಮೇಡಂ ಬಂದಿದ್ದಾರೆ” ಎಂದ ತ್ಯಾಗಿ ಫೋನಿನಲ್ಲಿ. “ಪಟ್ಟಿ ಖರಾಬ್ ಅಂತಿದ್ದಾರೆ. ನೀವೇನಂತೀರಿ?”

ತ್ಯಾಗಿ “ಹಲೋ, ಹಲೋ” ಎಂದ. ಆಮೇಲೆ ಏನೋ ಕೇಳಿಸಿಕೊಂಡು ಫೋನ್ ಜೇಬಿಗಿಟ್ಟ. ಬೃಜ್‌ಪಾಲ್ ಮುಂದೆ ಬಂದು, “ಕ್ಯಾ ಬೋಲೇ ಸಾಹಬ್?” ಎಂದು ಕೇಳಿದ.

“ಮೇಡಂ ಹೇಳಿದ್ದೇ ಸರಿ ಅಂದರು. ಎಲ್ಲಾ ಬಿಚ್ಚಿಸಿ ಅಂದರು.” ತ್ಯಾಗಿ ಬಡಗಿಗಳ ಕಡೆ ತಿರುಗಿ, ಇಷ್ಟು ಹೊತ್ತಿನ ಸಿಟ್ಟನ್ನೆಲ್ಲ ಅವರ ಮೇಲೆ ಹರಿಸಿದ. “ಸುನಾ ನಹೀ? ನಿಕಾಲೋ ಸಬ್, ಎಲ್ಲಾ ತೆಗೀರಿ!”

ಆ ಸಂಜೆ ನಾನು ಲಿಫ್ಟಿನ ಬಳಿ ಅವರನ್ನು ಕಂಡೆ. ಸೀರೆಯೆಲ್ಲ ಕರಿ, ಕೈಗೆ ಬ್ಯಾಂಡೇಜು, ಕಾಲಿಗೆ ಯಾರದೋ ದೊಡ್ಡ ಹವಾಯಿ ಚಪ್ಪಲಿ. ಸೂರ್ಯನಾರಾಯಣ ಬಾಗಿಲು ತೆಗೆದವರು ಬ್ಯಾಂಡೇಜನ್ನೇ ನೋಡುತ್ತ ನಿಂತುಬಿಟ್ಟರು.

“ಏನೂ ಆಗಿಲ್ಲಾರೀ, ಸ್ವಲ್ಪ ಸುಟ್ಟಿದೆ ಅಷ್ಟೆ.”

“ಸಾಕು ಬಿಡು ಸುಮಿತ್ರಾ. ನಾಳೆಯಿಂದ ಹೋಗೋದು ಬೇಡ. ನಮಗೇನು ಕಡಿಮೆಯಾಗಿದೆ?”

ಧನ್ಯಾ ಓಡಿ ಬಂದು ಅಮ್ಮನ ಬ್ಯಾಗು ತೆಗೆದುಕೊಂಡಳು. ಹನ್ನೊಂದನೇ ಕ್ಲಾಸಿನ ಹುಡುಗಿ, ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಮಾತು ಮಾತ್ರ ಹಿಂದಿಗೆ ಜಾರುತ್ತಿತ್ತು. “ಪಪ್ಪಾ, ಮೊದಲು ಬೈಠನೇ ತೋ ದೋ” ಎಂದಳು, ಅಮ್ಮನನ್ನು ಕೂರಿಸಲು ಸೋಫಾದ ಕಡೆ ಕರೆದೊಯ್ಯುತ್ತ. “ಅಮ್ಮ, ನೋವು ಬಹುತ್ ಇದೆಯಾ?” ಆಗ ಸುಮಿತ್ರಾ ಸೋಫಾದ ಅಂಚಿನಲ್ಲಿ ಕೂತು ಅತ್ತರು. ನೋವಿಗಲ್ಲ ಎಂದು ನನಗೆ ಹೇಳಿದರು. ಬೃಜ್‌ಪಾಲ್‌ನ ಮುಖ ಅಚ್ಚಿನ ಎದುರಿಗಿದ್ದದ್ದು ಆಗ ಕಣ್ಣ ಮುಂದೆ ಬಂತಂತೆ.

ಆಸ್ಪತ್ರೆಯ ಆರ್ಡರ್ ಬೇರೆ ಕಂಪನಿಯ ಪಾಲಾಯಿತು. ಅಲ್ಲಿನ ಬಾಗಿಲುಗಳಿಗೆ ಒಳ್ಳೆಯ ಪಟ್ಟಿ ಬಿತ್ತು, ಅದು ಸಬರ್ವಾಲ್ ಅವರದಾಗಿರಲಿಲ್ಲ. ಕೆಲವು ತಿಂಗಳು ಅವರು ಸುಮಿತ್ರಾ ಜೊತೆ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದರು. ಬೃಜ್‌ಪಾಲ್‌ನನ್ನು ತೆಗೆಯಲಿಲ್ಲ. ಅಚ್ಚಿನ ಎದುರಿಗೆ ದಪ್ಪ ಉಕ್ಕಿನ ಮರೆ ಬಂತು, ಸ್ವಿಚ್ಚಿನ ಪೆಟ್ಟಿಗೆ ಶೆಡ್ಡಿನ ಬಾಗಿಲ ಬಳಿಗೆ ಹೋಯಿತು, ಲ್ಯಾಬಿನ ಒಪ್ಪಿಗೆಯಿಲ್ಲದೆ ಒಂದು ಚೀಲವೂ ಗೋದಾಮಿನಿಂದ ಹೊರಡದಂತಾಯಿತು. ಯಾರೂ ಅದನ್ನು ಸಭೆ ಕರೆದು ಹೇಳಲಿಲ್ಲ. ಒಂದು ದಿನ ಹೋಗಿ ನೋಡಿದರೆ ಆಗಿತ್ತು.

ಸುಮಿತ್ರಾ ಗಂಡನ ಮಾತು ಕೇಳಲಿಲ್ಲ, ಗಾಯ ಮಾಯುವ ಮೊದಲೇ ಕೆಲಸಕ್ಕೆ ಮರಳಿದರು. ಆದರೆ ಹೆದರಿಕೆ ಹೋಗಿರಲಿಲ್ಲ. ಕರೆಂಟ್ ಹೋದರೆ ಸಾಕು, ಮನೆಯಲ್ಲಿದ್ದರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಗೋಡೆ ಹಿಡಿದುಕೊಳ್ಳುತ್ತಿದ್ದರು. ಕಾರ್ಖಾನೆಯಲ್ಲಂತೂ ಶೆಡ್ಡಿನ ಒಳಗೆ ಹೋಗದೆ ಬಾಗಿಲಲ್ಲೇ ನಿಂತು ಮಾತಾಡಿಸುತ್ತಿದ್ದರು. ಬೃಜ್‌ಪಾಲ್ ಅದನ್ನು ಗಮನಿಸಿದ್ದ. ಏನೂ ಕೇಳದೆ, ಪಟ್ಟಿಯ ತುಂಡುಗಳನ್ನು ತಾನೇ ಲ್ಯಾಬಿಗೆ ತಂದು ಕೊಡುತ್ತಿದ್ದ.

ಚಳಿಗಾಲ ಬಂದಾಗ ಒಂದು ದಿನ ಅವರೇ ಒಳಗೆ ಹೋದರು. ಮಷಿನ್ ಓಡುತ್ತಿತ್ತು. ಬೃಜ್‌ಪಾಲ್ ಸ್ಟೂಲೊಂದನ್ನು ಉಕ್ಕಿನ ಮರೆಯ ಹಿಂದೆ ಎಳೆದು, ಸೆರಗಿಗೆ ಕರಿಯಾಗದಿರಲಿ ಎಂದು ಅದರ ಮೇಲೆ ಕಾಗದ ಹಾಸಿದ. 

“ಬೈಠಿಯೇ ಮೇಡಂಜಿ. ಇವತ್ತು ಮಾಲು ಚೆನ್ನಾಗಿ ಬರ್ತಾ ಇದೆ.”

ಆ ದಿನ ಅಲ್ಲಿ ಎಷ್ಟು ಹೊತ್ತು ಕೂತಿದ್ದರೋ ಅವರಿಗೇ ತಿಳಿಯದು. ಚಹಾ ಅಲ್ಲಿಗೇ ಬಂತಂತೆ, ಪಟ್ಟಿ ಸುತ್ತುವ ಹೆಂಗಸರೂ ಬಂದು ಕೂತರಂತೆ.